ಗೊತ್ತಿಲ್ಲದವರೂ ಉತ್ತರ ಹೇಳುವಂಥ ರಸಪ್ರಶ್ನೆ: ನನ್ನ ಅನುಭವ

ಡೊಂಬಿವಲಿಯ ನಮ್ಮ ಕನ್ನಡ ಬಳಗದಲ್ಲಿ ರಾಜ್ಯೋತ್ಸವದ ರಸಪ್ರಶ್ನೆ ನಡೆಸುವ ಕೆಲಸ ಹಲವು ವರ್ಷಗಳಿಂದ ನನ್ನದು. ಪ್ರಶ್ನೆಗಳಿಗೆ ಬರವಿಲ್ಲ, ಮೊಬೈಲ್ ತೆರೆದರೆ ಸಾವಿರ ಸಿಗುತ್ತವೆ. ಆದರೆ ಇಂಥ ದೇಶದ ರಾಜಧಾನಿ ಯಾವುದು ಅಂತ ಕೇಳಿದರೆ ಗೊತ್ತಿದ್ದವರು ಹೇಳುತ್ತಾರೆ, ಉಳಿದವರು ಸುಮ್ನೆ ಕೂರುತ್ತಾರೆ. ನನಗೆ ಬೇಕಾದದ್ದು ಗೊತ್ತಿಲ್ಲದವರೂ ತಲೆ ಓಡಿಸಿ ತಲುಪಬಹುದಾದ ಪ್ರಶ್ನೆ.

ಅದಕ್ಕೆ ನಾನು ಉತ್ತರದಿಂದಲೇ ಶುರು ಮಾಡುತ್ತೇನೆ. ಉತ್ತರ ಎಲ್ಲರಿಗೂ ಪರಿಚಯದ್ದಾಗಿರಬೇಕು, ಅದರ ಹಿಂದಿನ ಸಂಗತಿ ಹೊಸದಾಗಿರಬೇಕು. ನನಗೆ ತುಂಬಾ ಇಷ್ಟವಾದ ಒಂದು ಪ್ರಶ್ನೆ ಹೀಗಿದೆ: "ಸಾಮಾನ್ಯ ಪರೀಕ್ಷೆಯಲ್ಲಿ ಇವರ ರಕ್ತ ಓ ಗುಂಪಿನದೇ ಅನ್ನಿಸುತ್ತದೆ. ಆದರೆ ಓ ಗುಂಪಿನ ರಕ್ತ ಕೊಟ್ಟರೆ ಇವರ ಜೀವಕ್ಕೇ ಅಪಾಯ. 1952ರಲ್ಲಿ ಪತ್ತೆಯಾದ ಈ ಗುಂಪಿಗೆ ಒಂದು ಊರಿನ ಹೆಸರಿದೆ. ಯಾವ ಊರು?"

ಓ ರಕ್ತವನ್ನು ಯಾರಿಗೆ ಬೇಕಾದರೂ ಕೊಡಬಹುದು ಅಂತ ಶಾಲೆಯಲ್ಲಿ ಓದಿದ ಮಕ್ಕಳು ಗಲಿಬಿಲಿಯಾಗುತ್ತಾರೆ. ಆಮೇಲೆ ಯಾರೋ ಒಬ್ಬರು ಊರು ಅನ್ನುವ ಸುಳಿವು ಹಿಡಿದು "ಬಾಂಬೆ!" ಅನ್ನುತ್ತಾರೆ. ಅಲ್ಲಿಗೆ ನಾನು ನಿಲ್ಲಿಸುವುದಿಲ್ಲ. ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇದನ್ನು ನಮ್ಮ ಮುಂಬೈಯಲ್ಲೇ ಪತ್ತೆ ಮಾಡಿದ್ದು ಅಂತ ಹೇಳುತ್ತೇನೆ. ರಕ್ತಕಣದ ಮೇಲೆ ಎಚ್ ಅನ್ನುವ ಅಂಶ ಇರುತ್ತದೆ, ಎ ಮತ್ತು ಬಿ ಗುರುತುಗಳು ಅದರ ಮೇಲೇ ಬೆಳೆಯುತ್ತವೆ. ಓ ಗುಂಪಿನವರಲ್ಲಿ ಎ, ಬಿ ಇರುವುದಿಲ್ಲ, ಎಚ್ ಮಾತ್ರ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಆ ಎಚ್ ಕೂಡ ಇಲ್ಲ. ಹಾಗಾಗಿ ಅವರ ಮೈ ಓ ರಕ್ತವನ್ನೂ ಹೊರಗಿನದು ಅಂತ ಎದುರಿಸುತ್ತದೆ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಅಂಕ ಯಾರಿಗೆ ಬಂತು ಅನ್ನುವುದಕ್ಕಿಂತ ಈ ಅರ್ಧ ನಿಮಿಷವೇ ನನಗೆ ಮುಖ್ಯ.

ದಿನಾ ಲೋಕಲ್‌ನಲ್ಲಿ ಓಡಾಡುವವರಿಗೆ ದಾರಿಯಲ್ಲೇ ಉತ್ತರ ಇರುವ ಪ್ರಶ್ನೆಗಳನ್ನೂ ಇಡುತ್ತೇನೆ. 1897ರ ಜನವರಿ 10ರಂದು ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ ವಿಜ್ಞಾನಿ ಯಾರು? ಪರೇಲಿನ ಹಾಫ್‌ಕಿನ್ ಸಂಸ್ಥೆಯ ಬೋರ್ಡು ನೋಡಿದವರಿಗೆ ಹೊಳೆಯುತ್ತದೆ. ಎಲಿಫೆಂಟಾಕ್ಕೆ ಆ ಹೆಸರು ತಂದ ಕಲ್ಲಿನ ಆನೆ ಈಗ ಎಲ್ಲಿದೆ? ದ್ವೀಪದಲ್ಲಂತೂ ಇಲ್ಲ, ಬೈಕುಲಾದ ರಾಣಿಬಾಗ್ ಆವರಣದಲ್ಲಿದೆ. ಮಕ್ಕಳನ್ನು ಪೆಂಗ್ವಿನ್ ತೋರಿಸಲು ಅಲ್ಲಿಗೆ ಕರೆದುಕೊಂಡು ಹೋದವರು ಎಷ್ಟೋ ಜನ, ಆದರೂ ಆನೆ ನೋಡಿದವರು ಕಡಿಮೆ.

ಭಾಷೆಯ ಸುತ್ತಿನಲ್ಲಿ ಜಾಸ್ತಿ ಎಚ್ಚರ ಬೇಕು. 'ಮೊಟ್ಟಮೊದಲ', 'ಅತಿ ಹಳೆಯ' ಅನ್ನುವ ಮಾತನ್ನು ನಾನು ಪ್ರಶ್ನೆಯಲ್ಲಿ ಬಳಸುವುದೇ ಇಲ್ಲ. ಮರಾಠಿಯ ಅತಿ ಹಳೆಯ ಶಾಸನ ಶ್ರವಣಬೆಳಗೊಳದ್ದು ಅಂತ ಕೆಲವರು, ಅಲಿಬಾಗ್ ಹತ್ತಿರದ ಅಕ್ಷಿಯದ್ದು ಅಂತ ಕೆಲವರು. ಆ ವಾದ ವೇದಿಕೆಯಲ್ಲಿ ಮುಗಿಯುವಂಥದ್ದಲ್ಲ. ಅದರ ಬದಲು ನಾನು ಕೇಳುವುದು: "ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರು ಯಾವ ಮೂರು ಭಾಷೆಗಳಲ್ಲಿದೆ?" ಕನ್ನಡ, ತಮಿಳು ಎರಡೂ ಬೇಗ ಬರುತ್ತವೆ. ಮೂರನೆಯದು ಮರಾಠಿ ಅಂದಾಗ, ಇಲ್ಲೇ ಹುಟ್ಟಿ ಮರಾಠಿಯಲ್ಲೇ ಆಡಿ ಬೆಳೆದ ನಮ್ಮ ಮಕ್ಕಳ ಮುಖ ನೋಡಬೇಕು ನೀವು!

ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೆ ಪರದೆಯ ಮೇಲೆ ಪ್ರಶ್ನೆ ತೋರಿಸುವುದಿಲ್ಲ, ಎರಡು ಸಲ ಓದಿ ಹೇಳುತ್ತೇನೆ. ಒಂದೇ ಉಸಿರಿಗೆ ಓದಲಾಗದ ವಾಕ್ಯವನ್ನು ಮನೆಯಲ್ಲೇ ಮುರಿದು ಎರಡು ಮಾಡಿಕೊಳ್ಳುತ್ತೇನೆ. ತಂಡಗಳಲ್ಲಿ ವಯಸ್ಸು ಬೆರೆಸುತ್ತೇನೆ: ಒಬ್ಬರು ಅಜ್ಜ ಅಥವಾ ಅಜ್ಜಿ, ಒಬ್ಬರು ಕೆಲಸಕ್ಕೆ ಹೋಗುವವರು, ಒಬ್ಬರು ಶಾಲೆಯವರು. ಗೊಮ್ಮಟ ಅಜ್ಜನಿಗೆ ಗೊತ್ತು, ರಕ್ತದ ಗುಂಪು ಮೊಮ್ಮಗಳಿಗೆ ಗೊತ್ತು. ಇಬ್ಬರೂ ತಲೆ ಹತ್ತಿರ ತಂದು ಪಿಸುಗುಟ್ಟುವುದು ಕನ್ನಡದಲ್ಲೇ ಅಲ್ವಾ!

ಕೊನೆಗೆ ಸಮ ಅಂಕ ಬಂದರೆ ಅಂತ ಒಂದು ಸಂಖ್ಯೆಯ ಪ್ರಶ್ನೆ ಜೇಬಿನಲ್ಲಿರುತ್ತದೆ. 1668ರಲ್ಲಿ ಇಂಗ್ಲೆಂಡಿನ ರಾಜ ಮುಂಬೈಯನ್ನು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ಎಷ್ಟು ಪೌಂಡ್ ಬಾಡಿಗೆಗೆ ಕೊಟ್ಟ? ಲಕ್ಷ ಅನ್ನುವವರೂ ಇರುತ್ತಾರೆ. ಉತ್ತರ 10 ಪೌಂಡ್. ಅದಕ್ಕೆ ಹತ್ತಿರದ ಸಂಖ್ಯೆ ಬರೆದುಕೊಟ್ಟ ತಂಡ ಗೆಲ್ಲುತ್ತದೆ.