ತಟ್ಟೆ ತೊಳೆದ ನೀರಿನಲ್ಲಿ ಶಾಲೆಯ ಕೈತೋಟ

ಶಾಲೆಯಲ್ಲಿ ಕೈತೋಟ ಮಾಡುವವರು ಮೊದಲು ನೋಡಬೇಕಾದದ್ದು ಜೂನ್ ಅಲ್ಲ, ಏಪ್ರಿಲ್ ಮತ್ತು ಮೇ. ಜೂನ್‌ನಲ್ಲಿ ಯಾರು ಸಸಿ ಹಚ್ಚಿದರೂ ಹತ್ತುತ್ತದೆ. ಮಳೆ ಇರುತ್ತದೆ, ಮಕ್ಕಳಿಗೆ ಹುರುಪು ಇರುತ್ತದೆ, ಪರಿಸರ ದಿನದ ಫೋಟೊನೂ ಆಗಿರುತ್ತದೆ. ಬೇಸಿಗೆ ರಜೆಗೆ ಗೇಟಿಗೆ ಬೀಗ ಬಿದ್ದ ಮೇಲೆ ನೀರು ಹಾಕುವವರು ಯಾರು? ಇದಕ್ಕೆ ಉತ್ತರ ಸಿಗುವ ತನಕ ಗುದ್ದಲಿ ಹಿಡಿಯಬೇಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ಗಂಗಾವತಿ ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತ ಇದೆ. ನಮ್ಮಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ. ಸಜ್ಜೆ, ತೊಗರಿ, ಶೇಂಗಾ. ಬೋರ್ ಕೊರೆದರೆ ಬಹಳ ಕಡೆ ಫ್ಲೋರೈಡ್ ನೀರು. ಮಳೆ ಕೈಕೊಟ್ಟ ವರ್ಷ ಅರ್ಧ ಓಣಿ ಬೆಂಗಳೂರು, ಮಂಗಳೂರು, ಗೋವಾ ಅಂತ ಗುಳೆ ಹೋಗುತ್ತದೆ. ಊರಲ್ಲಿ ಉಳಿಯುವುದು ಮುದುಕರು ಮತ್ತು ಮಕ್ಕಳು. ಆ ಮಕ್ಕಳಿಗೆ ಶಾಲೆಯ ಬಿಸಿಯೂಟವೇ ದಿನದ ಗಟ್ಟಿ ಊಟ. 2002ರಲ್ಲಿ ರಾಜ್ಯದಲ್ಲಿ ಬಿಸಿಯೂಟ ಶುರುವಾದಾಗ ಮೊದಲು ಬಂದದ್ದು ಈ ಭಾಗದ ಜಿಲ್ಲೆಗಳಿಗೇ. ಸುಮ್ನೆ ಬಂದದ್ದಲ್ಲ ಅದು.

ನೀರಿಗಾಗಿ ನಾನು ಬಹಳ ದೂರ ಹುಡುಕಲಿಲ್ಲ. ಊಟ ಆದ ಮೇಲೆ ಮಕ್ಕಳು ತಟ್ಟೆ ತೊಳೆಯುವ ನಳದ ಕಟ್ಟೆ ಹತ್ತಿರ ನಿಂತರೆ ಸಾಕು. ನಮ್ಮಲ್ಲಿ ಸುಮಾರು 120 ಮಕ್ಕಳು. ತಟ್ಟೆ, ಕೈ, ಬಾಯಿ ಸೇರಿ ತಲೆಗೆ 2 ಲೀಟರ್ ಹಿಡಿದರೂ 240 ಲೀಟರ್. ಅಡುಗೆ ಪಾತ್ರೆ, ಅಕ್ಕಿ ತೊಳೆದ ನೀರು ಬೇರೆ. ಇಷ್ಟೂ ನೀರು ಕಟ್ಟೆ ಹಿಂದೆ ಕೊಚ್ಚೆಯಾಗಿ ನಿಂತು ಸೊಳ್ಳೆಗೂ ಹಂದಿಗೂ ಮನೆಯಾಗಿತ್ತು. ನಮ್ಮ ತೋಟದ ಬಂಡವಾಳ ಈ ಕೊಚ್ಚೆಯೇ.

ಕಟ್ಟೆಯ ನೀರು ಹೊರಬೀಳುವ ಕಡೆ ಮೊದಲು ಒಂದು ಜಾಳಿಗೆ ಬುಟ್ಟಿ ಇಟ್ಟೆವು. ಅನ್ನದ ಅಗುಳು, ಕರಿಬೇವಿನ ಎಲೆ ಎಲ್ಲ ಅಲ್ಲೇ ನಿಲ್ಲುತ್ತದೆ. ಅದನ್ನು ದಿನಾ ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು, ಒಂದು ದಿನ ಬಿಟ್ಟರೂ ನಾತ. ಬುಟ್ಟಿ ದಾಟಿದ ನೀರು ಮೊಣಕಾಲುದ್ದದ ಗುಂಡಿಗೆ ಹೋಗುತ್ತದೆ. ಅದರಲ್ಲಿ ತಳಕ್ಕೆ ದೊಡ್ಡ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಉಸುಕು. ಅಂಚಿಗೆ ಕಾಬಾಳೆ ಗಿಡ. ಗುಂಡಿಯ ತಳದಿಂದ ಪೈಪ್ ಹಾಕಿ ನೀರನ್ನು ಗಿಡಗಳ ಕಡೆ ಬಿಟ್ಟಿದ್ದೇವೆ. ಸಾರಿನ ಜಿಡ್ಡು ಕೂತು ಉಸುಕಿನ ಮೇಲ್ಪದರ ಕಟ್ಟಿಕೊಳ್ಳುತ್ತದೆ. ನೀರು ನಿಧಾನ ಇಳಿಯಲು ಶುರುವಾಯಿತೆಂದರೆ ಆ ಪದರ ತೆಗೆದು, ಬಿಸಿಲಿಗೆ ಒಣಗಿಸಿ, ತೊಳೆದು ಮತ್ತೆ ಹಾಕುವುದು. ಸಾಬೂನು ಪುಡಿ ಜಾಸ್ತಿ ಸುರಿದರೆ ಗಿಡಕ್ಕೆ ಒಳ್ಳೆಯದಲ್ಲ. ಅದಕ್ಕೆ ದೊಡ್ಡ ಪಾತ್ರೆಗಳನ್ನು ತೆಂಗಿನ ನಾರಿನಿಂದ ಮೊದಲು ಉಜ್ಜಿ, ಆಮೇಲೆ ಚೂರೇ ಪುಡಿ ಹಾಕುವಂತೆ ಅಡುಗೆಯವರಿಗೆ ಕೇಳಿಕೊಂಡೆವು.

ಈ ನೀರು ನುಗ್ಗೆ, ಪಪ್ಪಾಯಿ, ಬಾಳೆ, ಕರಿಬೇವಿಗೆ ಮಾತ್ರ. ಸೊಪ್ಪಿನ ಮಡಿಗೆ ಬಿಡುವುದಿಲ್ಲ. ಸೊಪ್ಪು ನೆಲಕ್ಕೆ ಹತ್ತಿರ ಇರುತ್ತದೆ, ಎಲೆಗೇ ನೀರು ತಾಗುತ್ತದೆ. ಮಕ್ಕಳು ತಿನ್ನುವ ಪಲ್ಯದಲ್ಲಿ ಅಂಥ ಧೈರ್ಯ ಬೇಡ. ಸೊಪ್ಪಿಗೆ ಮಳೆ ನೀರು, ಇಲ್ಲದಿದ್ದರೆ ಟ್ಯಾಂಕಿನ ನೀರು.

ಮಡಿಯ ಬಗ್ಗೆ ಒಂದು ಮಾತು. ತರಬೇತಿಗಳಲ್ಲಿ ಏರುಮಡಿ ಮಾಡಿ ಅನ್ನುತ್ತಾರೆ. ಮಳೆ ಜಾಸ್ತಿ ಇರುವ ಊರಿಗೆ ಅದು ಸರಿ. ನಮ್ಮ ಒಣ ನೆಲದಲ್ಲಿ ಏರುಮಡಿ ಎರಡೇ ದಿನಕ್ಕೆ ಒಣಗುತ್ತದೆ. ನಾವು ಮಾಡಿದ್ದು ತಗ್ಗುಮಡಿ. ಸುತ್ತಲ ನೆಲಕ್ಕಿಂತ ನಾಲ್ಕು ಬೆರಳು ಕೆಳಗೆ. ಬಿದ್ದ ನೀರು ಓಡಿಹೋಗದೆ ಅಲ್ಲೇ ಇಂಗುತ್ತದೆ. ಮಣ್ಣಿಗೆ ಕೆರೆಯ ಹೂಳು, ತಿಪ್ಪೆಗೊಬ್ಬರ. ಮೇಲೆ ಶೇಂಗಾ ಹೊಟ್ಟಿನ ಹೊದಿಕೆ. ಹೊಟ್ಟು ನಮ್ಮ ಕಡೆ ಸುಗ್ಗಿಯಲ್ಲಿ ಪುಕ್ಕಟೆ ಸಿಗುತ್ತದೆ. ಸುತ್ತ ಬೇಲಿಗೆ ಬಳ್ಳಾರಿ ಜಾಲಿಯ ಮುಳ್ಳು. ಊರ ಸುತ್ತ ಅದು ಎಷ್ಟು ಬೇಕಾದರೂ ಬೆಳೆದು ನಿಂತಿದೆ, ಒಂದು ಉಪಯೋಗವಾದರೂ ಆಗಲಿ.

ಏನು ಬೆಳೆಯಬೇಕು ಅನ್ನುವುದನ್ನು ಮಾಸ್ತರರು ತೀರ್ಮಾನಿಸಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ನಾನು ಟೊಮ್ಯಾಟೊ, ಕ್ಯಾರೆಟ್ ಬೀಜದ ಪೊಟ್ಟಣ ತೋರಿಸಿದಾಗ ನಮ್ಮ ಅಡುಗೆಯ ಅಕ್ಕ ನಕ್ಕುಬಿಟ್ಟರು. 'ಸರ, ಅವೆಲ್ಲಾ ಬ್ಯಾಡ್ರಿ. ಪುಂಡಿ ಹಾಕ್ರಿ, ರಾಜಗಿರಿ ಹಾಕ್ರಿ. ಬ್ಯಾಳಿಗೆ ಹಾಕಿದ್ರ ಹುಡುಗ್ರು ಎರಡ್ ಸಲ ನೀಡಿಸ್ಕೊಂಡು ಉಣ್ತಾವ.' ಅವರ ಮಾತೇ ಸರಿ. ಪುಂಡಿ ಅಂದರೆ ಗೊಂಗೂರ ಸೊಪ್ಪು, ನಮ್ಮ ಮಣ್ಣಿನ ಗಿಡ, ಮೇಲೆ ಚಿವುಟಿದಷ್ಟೂ ಚಿಗುರುತ್ತದೆ. ಹುಳಿ ಇರುವುದರಿಂದ ಹುಣಸೆಹಣ್ಣೂ ಉಳಿಯುತ್ತದೆ. ನುಗ್ಗೆ ಸೊಪ್ಪಿಗೆ ಮಾತ್ರ ಮಕ್ಕಳು ಮೂಗು ಮುರಿದರು. ಆ ಅಕ್ಕ ಅದನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಶೇಂಗಾ ಚಟ್ನಿಯಲ್ಲಿ ಬೆರೆಸಿದರು. ಕೇಳಿದವರಿಗಷ್ಟೇ ಗುಟ್ಟು ಹೇಳಿದರು.

ತೋಟದಿಂದ ಬಿಸಿಯೂಟದ ತರಕಾರಿಯೆಲ್ಲ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಯಮದ ಪ್ರಕಾರ ದಿನಕ್ಕೆ ಒಂದರಿಂದ ಐದನೇ ತರಗತಿಯ ಮಗುವಿಗೆ 50 ಗ್ರಾಂ, ಆರರಿಂದ ಎಂಟರವರೆಗೆ 75 ಗ್ರಾಂ ತರಕಾರಿ. ನಮ್ಮ ಮಕ್ಕಳಿಗೆ ದಿನಕ್ಕೆ ಏಳು ಕಿಲೋ ಹತ್ತಿರ ಆಗುತ್ತದೆ. ಶಾಲೆ ಹಿಂದಿನ ಜಾಗದಲ್ಲಿ ದಿನಾ ಅಷ್ಟು ಬೆಳೆಯಲು ಆಗುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೆ ಎರಡು ದಿನದ ಸೊಪ್ಪು, ಆಗಾಗ ನುಗ್ಗೆಕಾಯಿ, ವರ್ಷವಿಡೀ ಕರಿಬೇವು. ಅಷ್ಟೇ. ತೋಟ ಇದೆಯಲ್ಲ ಅಂತ ಸಂತೆಯ ತರಕಾರಿ ಕಡಿಮೆ ಮಾಡಲು ನಾವು ಬಿಟ್ಟಿಲ್ಲ.

'ಓದಾಕ ಕಳಿಸಿದ್ರ ಗುದ್ದಲಿ ಕೊಡ್ತೀರೇನ್ರಿ?' ಅಂತ ಪಾಲಕರು ಕೇಳಿದ್ದುಂಟು. ಕೇಳಬೇಕಾದ ಪ್ರಶ್ನೆಯೇ. ಎಷ್ಟೋ ಕಡೆ ಕಸ, ಮಣ್ಣಿನ ಕೆಲಸ ಯಾವ ಮಕ್ಕಳ ಪಾಲಿಗೆ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೆ ಪಾಳಿಯನ್ನು ಚೀಟಿ ಎತ್ತಿ ಹಾಕುತ್ತೇವೆ. ಜಾಳಿಗೆ ಬುಟ್ಟಿ ತೆಗೆಯುವ ಪಾಳಿ ಮಾಸ್ತರರದು, ಹೆಡ್ ಮಾಸ್ತರರೂ ಸೇರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ಇದನ್ನು ಬರೆಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ನುಗ್ಗೆಯದು ಬೇರೆಯೇ ಕತೆ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ 'ಭಾಗ್ಯ', ತಮಿಳುನಾಡಿನ 'ಪಿಕೆಎಂ-1', ಇವೆರಡೂ ತಳಿಗಳು ವರ್ಷದೊಳಗೇ ಕಾಯಿ ಕೊಡುತ್ತವೆ. ಗಿಡ ಎರಡೂವರೆ ಅಡಿ ಆದಾಗ ತುದಿ ಚಿವುಟಿದರೆ ಟೊಂಗೆ ಒಡೆದು ಕೈಗೆಟುಕುವಂತೆ ಬೆಳೆಯುತ್ತದೆ. ಆದರೆ ಕೋಣೆಗಳಿಂದ ದೂರ ಇರಬೇಕು. ಮಳೆಗಾಲದಲ್ಲಿ ಕಾಂಡಕ್ಕೆ ಕಂಬಳಿಹುಳು ಬರುತ್ತದೆ. ಮಕ್ಕಳ ಮೈಗೆ ತಾಗಿದರೆ ತುರಿಕೆ, ದದ್ದು. ಮರವನ್ನೇ ಕಡಿಯಿರಿ ಅಂತ ಊರವರು ಪಟ್ಟು ಹಿಡಿಯುತ್ತಾರೆ. ಹುಳುಗಳು ಹಗಲು ಕಾಂಡದ ಮೇಲೆ ಒಂದೇ ಕಡೆ ಗುಂಪಾಗಿ ಕೂತಿರುತ್ತವೆ. ಆಗ ಉದ್ದನೆ ಕೋಲಿಗೆ ಬಟ್ಟೆ ಸುತ್ತಿ ದೀವಟಿಗೆ ಮಾಡಿ ಸುಟ್ಟರೆ ಮುಗಿಯಿತು. ಇದನ್ನು ದೊಡ್ಡವರೇ ಮಾಡಬೇಕು, ಅದೂ ಶಾಲೆ ಇಲ್ಲದ ದಿನ. ಟೊಂಗೆ ಮೆದು, ಮಕ್ಕಳು ಹತ್ತಿದರೆ ಮುರಿಯುತ್ತದೆ. ಕಾಯಿ ಸುಗ್ಗಿ ಮುಗಿದ ಮೇಲೆ ಮೂರು ಅಡಿಗೆ ಕಡಿದುಬಿಟ್ಟರೆ ಆ ಆಸೆಯೂ ಇರುವುದಿಲ್ಲ.

ಈಗ ಬೇಸಿಗೆ. ಶಾಲೆಯ ಗೋಡೆಗೆ ಹತ್ತಿದಂತೆ ಹೊಲ ಇಲ್ಲದ ಎರಡು ಮನೆಗಳಿವೆ. ರಜೆಯಲ್ಲಿ ನೀರು ಹಾಕುವುದು ಅವರು, ರಜೆಯ ಕಾಯಿ-ಸೊಪ್ಪು ಅವರದೇ. ನುಗ್ಗೆ ಕಾಯಿ ಬಿಡುವುದೂ ಬೇಸಿಗೆಯಲ್ಲೇ ಹೆಚ್ಚು, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಮೊದಲು ರಜೆಯಲ್ಲಿ ತರಕಾರಿ ಕಳುವಾಗುತ್ತಿತ್ತು. ತಿನ್ನುವ ಹಕ್ಕು ಒಬ್ಬರಿಗೆ ಕೊಟ್ಟ ಮೇಲೆ ಕಾಯುವವರೂ ಸಿಕ್ಕರು. 2023ರ ಬರದಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿ, 2024ರ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಆ ವರ್ಷ ನಳದ ಕಟ್ಟೆ ರಜೆಯಲ್ಲೂ ಒಣಗಲಿಲ್ಲ. ಬರಗಾಲದ ವರ್ಷವೇ ನಮ್ಮ ನುಗ್ಗೆಗೆ ನೀರು ಜಾಸ್ತಿ ಸಿಕ್ಕಿತು. ವಿಚಿತ್ರ ಅಲ್ವಾ?

ಮನೆಗೊಂದು ನುಗ್ಗೆ ಅಂತಲೂ ಕೊಡುತ್ತೇವೆ. ಬಚ್ಚಲ ನೀರು ಹೋಗುವ ಜಾಗ ತೋರಿಸಿದವರಿಗೆ ಮಾತ್ರ ಸಸಿ. ಮೊದಲ ವರ್ಷ ಆಡಿನ ಬಾಯಿಂದ ಉಳಿಸಿಕೊಳ್ಳಲು ಸುತ್ತ ಮುಳ್ಳು ಇಡಲೇಬೇಕು. ಗುಳೆ ಹೋಗುವ ಮನೆಗಳಿಗೆ ಸಸಿ ಕೊಟ್ಟು ಪ್ರಯೋಜನವಿಲ್ಲ. ಅವರಿಗೆ ಪುಂಡಿ, ಹೀರೆ, ಚವಳಿಕಾಯಿ ಬೀಜ. ಅಜ್ಜಿಯರು ಬೂದಿಯಲ್ಲಿ ಕಲಸಿ ಇಟ್ಟ ಬೀಜವನ್ನೇ ಮಕ್ಕಳು ತಂದು ಶಾಲೆಯಲ್ಲಿ ಕೂಡಿಡುತ್ತಾರೆ. ಮುಂಗಾರಿಗೆ ಊರಿಗೆ ಮರಳಿದವರು ಒಂದು ಹಿಡಿ ಒಯ್ದು ಹಿತ್ತಲಲ್ಲಿ ಊರುತ್ತಾರೆ. ದಸರಾ ಹೊತ್ತಿಗೆ ತಿಂದು ಮುಗಿಸಿ, ಒಂದಿಷ್ಟು ಬೀಜ ವಾಪಸ್ ಕೊಟ್ಟು ಮತ್ತೆ ಗಂಟು ಕಟ್ಟುತ್ತಾರೆ.