ಊರ ಕ್ರೀಡಾಕೂಟದ ಹಗ್ಗಜಗ್ಗಾಟಕ್ಕೆ ಎಂಟು ಜನರ ತಂಡ ಕಟ್ಟುವುದು ಹೇಗೆ

ಹಗ್ಗಜಗ್ಗಾಟ ಎಂದರೆ ತೋಳ್ಬಲದ ಆಟ ಎಂಬ ನಂಬಿಕೆ ಸುಲಭಕ್ಕೆ ಹೋಗುವುದಿಲ್ಲ. ಆದ್ದರಿಂದಲೇ ಹಬ್ಬದ ಬೆಳಿಗ್ಗೆ ಕಟ್ಟುಮಸ್ತಾದ ಎಂಟು ಜನರನ್ನು ಹುಡುಕಿ, ಹೆಸರು ಬರೆಸಿ, ಹಗ್ಗ ಕೈಗೆ ಕೊಟ್ಟುಬಿಡುತ್ತಾರೆ. ಆ ತಂಡ ತನಗಿಂತ ಹಗುರಾದ, ಆದರೆ ಒಟ್ಟಿಗೆ ಅಭ್ಯಾಸ ಮಾಡಿದ ತಂಡದ ಎದುರು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ತೋಳು ಮಡಚಿ ಎಳೆಯುವವರ ಶಕ್ತಿ ಬೇಗ ಬತ್ತಿಹೋಗುತ್ತದೆ. ಈ ಆಟ ಗೆಲ್ಲುವುದು ನೆಲಕ್ಕೆ ಕಚ್ಚಿಕೊಂಡ ಪಾದದಿಂದ, ತೊಡೆಯ ತಳ್ಳುವಿಕೆಯಿಂದ, ಎಂಟು ಜನ ಒಂದೇ ಕ್ಷಣದಲ್ಲಿ ಹಿಂದೆ ಸರಿಯುವುದರಿಂದ. ನಾಲ್ಕು ವಾರ ಸಿಕ್ಕರೆ ಸಾಮಾನ್ಯ ಮೈಕಟ್ಟಿನ ಎಂಟು ಜನರನ್ನು ಒಳ್ಳೆಯ ತಂಡವಾಗಿ ಮಾಡಬಹುದು.

ಹೆಸರು ಬರೆಸುವ ಮೊದಲು ಕೇಳಬೇಕಾದದ್ದು

ಊರ ಕೂಟಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಥರ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ತಂಡಕ್ಕೆ ಎಂಟು ಜನ. ಎಂಟೂ ಜನರ ಒಟ್ಟು ತೂಕದ ಮೇಲೆ ವಿಭಾಗ. 640 ಕಿಲೋ ವಿಭಾಗ ಎಂದರೆ ಸರಾಸರಿ ತಲೆಗೆ 80 ಕಿಲೋ. ಆದರೆ ತಲಾ 80 ಇರಲೇಬೇಕೆಂದಿಲ್ಲ, 95 ಕಿಲೋದವನೊಬ್ಬ ಇದ್ದರೆ 65 ಕಿಲೋದವನೊಬ್ಬನಿಗೂ ಜಾಗ ಇರುತ್ತದೆ. ಮೂರು ಎಳೆತಗಳಲ್ಲಿ ಎರಡು ಗೆದ್ದವರಿಗೆ ಪಂದ್ಯ.

ನೀವು ಹೋಗುವ ಕೂಟದಲ್ಲಿ ತೂಕದ ಮಿತಿ ಇದೆಯೇ, ಬದಲಿ ಆಟಗಾರರಿಗೆ ಅವಕಾಶವಿದೆಯೇ, ಮೈದಾನ ಹುಲ್ಲಿನದೋ ಗಟ್ಟಿ ಮಣ್ಣಿನದೋ ಕೆಸರೋ, ಯಾವ ಶೂ ಹಾಕಬಹುದು, ಬರಿಗೈಯೇ ಕಡ್ಡಾಯವೇ, ಪ್ರತಿ ಎಳೆತದ ನಂತರ ಬದಿ ಬದಲಿಸುತ್ತಾರೆಯೇ, ನಡುವೆ ಎಷ್ಟು ನಿಮಿಷ ವಿರಾಮ ಎಂಬುದನ್ನೆಲ್ಲ ಮೊದಲೇ ಕೇಳಿ ಬರೆದುಕೊಳ್ಳಿ. ಶೂ ವಿಷಯವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು. 1908ರ ಲಂಡನ್ ಕೂಟದಲ್ಲಿ ಎದುರಾಳಿ ಲಿವರ್‌ಪೂಲ್ ಪೊಲೀಸ್ ತಂಡದ ಭಾರಿ ಬೂಟುಗಳ ಬಗ್ಗೆಯೇ ಅಮೆರಿಕದ ತಂಡ ತಕರಾರು ತೆಗೆದು ಸ್ಪರ್ಧೆ ಬಿಟ್ಟು ಹೊರನಡೆಯಿತು. ಅಂಥ ಜಗಳ ಮೈದಾನದಲ್ಲಿ ಆಗುವ ಬದಲು ಹಿಂದಿನ ವಾರವೇ ಬಗೆಹರಿಯಲಿ.

ಹಗ್ಗ

ಇಲ್ಲಿ ತಪ್ಪಿದರೆ ಪಂದ್ಯ ಮಾತ್ರವಲ್ಲ, ಕೈಯೂ ಹೋಗಬಹುದು. ಸ್ಪರ್ಧೆಯ ಹಗ್ಗದ ಸುತ್ತಳತೆ 10ರಿಂದ 12.5 ಸೆಂಟಿಮೀಟರ್, ಅಂದರೆ ಅಡ್ಡಳತೆ ಸುಮಾರು 32ರಿಂದ 40 ಮಿಲಿಮೀಟರ್. ಉದ್ದ ಕನಿಷ್ಠ 33.5 ಮೀಟರ್. ನಡುವೆ ಗಂಟು, ಹಿಡಿಕೆ, ಕುಣಿಕೆ ಏನೂ ಇರಬಾರದು. ಹಗ್ಗದ ನಟ್ಟನಡುವೆ ಒಂದು ಪಟ್ಟಿ, ಅದರಿಂದ ಎರಡೂ ಕಡೆಗೆ ನಾಲ್ಕು ಮೀಟರ್ ದೂರದಲ್ಲಿ ಒಂದೊಂದು ಪಟ್ಟಿ ಸುತ್ತುತ್ತಾರೆ. ಎದುರಾಳಿಯ ಕಡೆಯ ನಾಲ್ಕು ಮೀಟರ್ ಗುರುತು ನೆಲದ ನಡುಗೆರೆ ದಾಟಿ ನಿಮ್ಮ ಕಡೆ ಬಂದರೆ ಎಳೆತ ನಿಮ್ಮದು.

ಮನಿಲಾ ನಾರಿನಂಥ ಹೆಚ್ಚು ಹಿಗ್ಗದ ಹಗ್ಗವೇ ಬೇಕು. ನೈಲಾನ್ ಹಗ್ಗ ಬೇಡ. ನೈಲಾನ್ ರಬ್ಬರಿನ ಹಾಗೆ ಹಿಗ್ಗಿ ಶಕ್ತಿಯನ್ನು ಒಳಗೆ ತುಂಬಿಕೊಳ್ಳುತ್ತದೆ, ತುಂಡಾದಾಗ ಅಷ್ಟನ್ನೂ ಒಂದೇ ಹೊಡೆತಕ್ಕೆ ಹಿಂದಕ್ಕೆ ಬೀಸುತ್ತದೆ. 1997ರಲ್ಲಿ ತೈವಾನಿನ ತೈಪೆಯಲ್ಲಿ ನಡೆದ ಸಾಮೂಹಿಕ ಹಗ್ಗಜಗ್ಗಾಟದಲ್ಲಿ ಹಗ್ಗ ಹೀಗೆಯೇ ತುಂಡಾಗಿ ಇಬ್ಬರ ತೋಳು ಕಿತ್ತುಹೋಯಿತು. ಅಲ್ಲಿ ಹಗ್ಗಕ್ಕೆ ಕೈಹಾಕಿದ್ದವರು ಸಾವಿರಕ್ಕೂ ಹೆಚ್ಚು ಜನ. ‘ಇನ್ನೂ ನಾಲ್ಕು ಜನ ಬನ್ನಿ, ಮಜಾ ಬರುತ್ತದೆ’ ಎಂದು ಆಯೋಜಕರು ಕರೆದರೆ ನೀವು ಹಗ್ಗ ಕೆಳಗಿಡಿ. ತಂಡಕ್ಕೆ ಎಂಟು ಎಂಬ ಮಿತಿ ಹಗ್ಗದ ಸುರಕ್ಷತೆಗೂ ಬೇಕಾದದ್ದು.

ಹಗ್ಗ ಕೊಳ್ಳುವಾಗ ಅದು ಎಷ್ಟು ಭಾರಕ್ಕೆ ತುಂಡಾಗುತ್ತದೆ ಎಂಬ ಅಂಕಿ ಕೇಳಿ. ಒಂದು ತಂಡದ ಒಟ್ಟು ತೂಕದ ಐದು ಪಟ್ಟಾದರೂ ಇರಲಿ, 640 ಕಿಲೋ ತಂಡಕ್ಕೆ 3,200 ಕಿಲೋ. ಎರಡೂ ತಂಡದ ಎಳೆತ ಕೂಡಿ ಹಗ್ಗದ ಮೇಲೆ ಬೀಳುತ್ತದೆ ಎಂದು ಹಲವರು ಎಣಿಸುತ್ತಾರೆ. ಹಾಗಲ್ಲ. ಎರಡೂ ಕಡೆ ಸಮಬಲವಾಗಿ ನಿಂತಾಗ ಹಗ್ಗದಲ್ಲಿರುವ ಬಿಗಿ ಒಂದು ತಂಡ ಎಳೆಯುವಷ್ಟೇ. ಆದರೆ ಹಠಾತ್ ಜಗ್ಗಿದಾಗ ಬಿಗಿ ಬಹಳ ಏರುತ್ತದೆ, ಐದು ಪಟ್ಟು ಬೇಕಾಗುವುದು ಅದಕ್ಕೇ. ಪ್ರತಿ ಸಲ ಕೈಗೆತ್ತಿಕೊಳ್ಳುವ ಮೊದಲು ಹಗ್ಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಾಡಿಸಿ. ಕತ್ತರಿಸಿದ ಎಳೆ, ಒಂದೆಡೆ ಸಣಕಲಾದ ಜಾಗ ಸಿಕ್ಕರೆ ಆ ಹಗ್ಗ ಬೇಡ. ಹುರಿ ಸ್ವಲ್ಪ ಬಿಡಿಸಿ ಒಳಗೆ ನೋಡಿ: ಪುಡಿಪುಡಿಯಾಗಿ ಉದುರಿದರೂ, ಮುಗ್ಗಲು ವಾಸನೆ ಬಂದರೂ ಬೇಡ.

ಇನ್ನೊಂದು ಮಾತು ತಂಡದ ಪ್ರತಿಯೊಬ್ಬರಿಗೂ ಹೇಳಿ ಒಪ್ಪಿಸಿಕೊಳ್ಳಿ: ಹಗ್ಗವನ್ನು ಮಣಿಕಟ್ಟಿಗಾಗಲಿ ಅಂಗೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳುವಂತಿಲ್ಲ. ಜಾರಿದ ಹಗ್ಗ ಕೈಬಿಟ್ಟು ಹೋಗಬೇಕು. ಸುತ್ತಿಕೊಂಡ ಹಗ್ಗ ಹೋಗುವುದಿಲ್ಲ, ಬೆರಳುಗಳನ್ನು ಹಿಂಡಿ ತೆಗೆಯುತ್ತದೆ. ಉಂಗುರ, ಬಳೆ, ವಾಚು, ಕೊರಳ ಸರ ಎಲ್ಲ ತೆಗೆದಿಟ್ಟೇ ಮೈದಾನಕ್ಕಿಳಿಯಿರಿ.

ಯಾರು ಎಲ್ಲಿ ನಿಲ್ಲಬೇಕು

ಅಧಿಕ ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಬೆನ್ನಿನ ಡಿಸ್ಕ್ ನೋವು ಇರುವವರನ್ನೂ ಗರ್ಭಿಣಿಯರನ್ನೂ ಸೇರಿಸಿಕೊಳ್ಳಬೇಡಿ. ಉಸಿರು ಕಟ್ಟಿ ಬಲ ಹಾಕುವಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಮಕ್ಕಳನ್ನೂ ದೊಡ್ಡವರನ್ನೂ ಒಂದೇ ಹಗ್ಗಕ್ಕೆ ನಿಲ್ಲಿಸಬೇಡಿ.

ಎತ್ತರದ ಪ್ರಕಾರ ಸಾಲು ಮಾಡಿ. ಉದ್ದನೆಯವರ ಪಕ್ಕ ಗಿಡ್ಡನೆಯವರು ನಿಂತರೆ ಹಗ್ಗ ಏರುತಗ್ಗಾಗುತ್ತದೆ, ಆ ಏರುತಗ್ಗನ್ನು ನೇರ ಮಾಡುವುದಕ್ಕೇ ಅರ್ಧ ಬಲ ವ್ಯರ್ಥ. ಮೊದಲ ಸ್ಥಾನಕ್ಕೆ ಗಟ್ಟಿ ಹಿಡಿತದವರು ಬೇಕು. ಎದುರಾಳಿಯ ಹಗ್ಗ ಓಲಾಡಿದರೆ ಅದರ ಪೆಟ್ಟು ಮೊದಲು ತಟ್ಟುವುದು ಅವರಿಗೆ. ಎಲ್ಲರೂ ಹಗ್ಗದ ಒಂದೇ ಬದಿಯಲ್ಲಿ ನಿಂತು, ಹಗ್ಗವನ್ನು ಬಲಗಂಕುಳಿಗೆ ತೆಗೆದುಕೊಳ್ಳುವುದು ಒಳ್ಳೆಯ ತಂಡಗಳ ರೂಢಿ. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ನಿಂತರೆ ಇಬ್ಬರೂ ಹಗ್ಗವನ್ನು ತಮ್ಮ ತಮ್ಮ ಕಡೆಗೆ ಸ್ವಲ್ಪ ಓರೆಯಾಗಿ ಎಳೆಯುತ್ತಾರೆ. ಒಬ್ಬರಿಂದೊಬ್ಬರಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ಅಂತರ ಬಿಡಿ. ಹಿಂದಕ್ಕೆ ಒರಗಿದಾಗ ಬೆನ್ನು ಹಿಂದಿನವರ ಮಂಡಿಗೆ ತಾಗಬಾರದು.

ಕೊನೆಯವರೇ ಆಂಕರ್. ತೂಕ ಇದ್ದರೆ ಒಳ್ಳೆಯದು, ಆದರೆ ಅದಕ್ಕಿಂತ ಮುಖ್ಯ ಗಾಬರಿಗೊಳ್ಳದ ಸ್ವಭಾವ. ಹಗ್ಗ ಆಂಕರ್‌ನ ಬಲಗಂಕುಳಿನ ಕೆಳಗಿಂದ ಹಿಂದಕ್ಕೆ ಹೋಗಿ, ಬೆನ್ನ ಮೇಲೆ ಓರೆಯಾಗಿ ಹತ್ತಿ, ಎಡಭುಜದ ಮೇಲಿಂದ ಮುಂದಕ್ಕೆ ಇಳಿಯಬೇಕು. ಅಲ್ಲಿಂದ ಎಡಗಂಕುಳಿನ ಕೆಳಗೆ ಹಿಂದಕ್ಕೆ ಹೊರಟು ಉಳಿದ ತುದಿ ಸಡಿಲವಾಗಿ ನೆಲದ ಮೇಲೆ ಬಿದ್ದಿರಬೇಕು. ಗಂಟಿಲ್ಲ, ಬಿಗಿದು ಕಟ್ಟುವುದಿಲ್ಲ. ಎರಡೂ ಕೈ ಮುಂದಕ್ಕೆ ಚಾಚಿ ಹಗ್ಗ ಹಿಡಿದಿರುತ್ತವೆ. ಒರಟು ಹಗ್ಗ ಭುಜ ಕಿತ್ತುಬಿಡುತ್ತದೆ, ಆದ್ದರಿಂದ ಆಂಕರ್‌ಗೆ ಅಂಗಿಯೊಳಗೆ ದಪ್ಪ ಬಟ್ಟೆಯ ಮೆತ್ತೆ ಇರಲಿ.

ಹಿಡಿತ ಮತ್ತು ನಿಲುವು

ಎರಡೂ ಅಂಗೈ ಮೇಲ್ಮುಖ. ಕೈಗಳು ಒಂದರ ಪಕ್ಕ ಒಂದು. ಹಗ್ಗ ಪಕ್ಕೆಲುಬಿಗೂ ತೋಳಿನ ಮೇಲ್ಭಾಗಕ್ಕೂ ನಡುವೆ ಹಾದುಹೋಗಬೇಕು. ತೋಳು ನೀಳವಾಗಿರಲಿ. ಮೊಣಕೈ ಮಡಚಿದ ಕ್ಷಣದಿಂದ ಭಾರ ಬೈಸೆಪ್ಸ್ ಮೇಲೆ ಬೀಳುತ್ತದೆ, ಅದು ಒಂದು ನಿಮಿಷವೂ ತಡೆಯುವುದಿಲ್ಲ. ಕೈಗಳ ಕೆಲಸ ಕೊಕ್ಕೆಯ ಹಾಗೆ ಹಿಡಿದುಕೊಳ್ಳುವುದು ಮಾತ್ರ.

ಹಿಮ್ಮಡಿಯಿಂದ ಭುಜದವರೆಗೆ ದೇಹ ಒಂದೇ ಗೆರೆಯಲ್ಲಿ, ನೆಲಕ್ಕೆ 45 ಡಿಗ್ರಿ ಅಥವಾ ಇನ್ನೂ ತಗ್ಗಾಗಿ ಒರಗಲಿ. ಹೊಸಬರಲ್ಲಿ ಕಾಣುವ ದೋಷ ಸೊಂಟ ಕುಸಿಯುವುದು, ಕುರ್ಚಿಯಲ್ಲಿ ಕೂತ ಹಾಗೆ. ಆಗ ಕಾಲು ತಳ್ಳಿದ ಬಲ ಹಗ್ಗಕ್ಕೆ ತಲುಪದೆ ಸೊಂಟದ ಮಡಿಕೆಯಲ್ಲೇ ನಿಂತುಬಿಡುತ್ತದೆ, ಮರುದಿನ ಕೆಳಬೆನ್ನು ನೋಯುತ್ತದೆ. ಪೃಷ್ಠ ಮೇಲಕ್ಕೆತ್ತಿ, ಎದೆ ಅಗಲಿಸಿ, ಗಲ್ಲ ಎತ್ತಿ. ನೋಟ ನೆಲದ ಮೇಲಲ್ಲ, ಕೋಚ್ ಕಡೆಗೆ. ಪಾದಗಳು ಭುಜದಷ್ಟು ಅಗಲ. ಮಂಡಿ ಪೂರ್ತಿ ನೆಟ್ಟಗಾಗದೆ ತುಸು ಬಾಗಿರಲಿ, ಪೂರ್ತಿ ನೆಟ್ಟಗಾದ ಕಾಲಿಗೆ ತಳ್ಳಲು ಏನೂ ಉಳಿದಿರುವುದಿಲ್ಲ.

ಹುಲ್ಲು ಮತ್ತು ಮಣ್ಣಿನಲ್ಲಿ ಗಟ್ಟಿ ಹಿಮ್ಮಡಿಯ ಬೂಟು ನೆಲ ಕಚ್ಚುತ್ತದೆ. ಒಳಾಂಗಣದ ಮ್ಯಾಟ್ ಮೇಲೆ ಚಪ್ಪಟೆ ರಬ್ಬರ್ ಅಡಿಯ ಶೂ. ಅದರ ಅಡಿಯ ಧೂಳನ್ನು ಪ್ರತಿ ಎಳೆತದ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಮುಳ್ಳು, ಮೊಳೆ ಇರುವ ಶೂ ಸ್ಪರ್ಧೆಗಳಲ್ಲಿ ನಿಷಿದ್ಧ. ಕೆಸರಿನಲ್ಲಿ ಬರಿಗಾಲಾದರೆ ಬೆರಳುಗಳನ್ನು ಊರಿ, ಹೆಜ್ಜೆ ಇನ್ನೂ ಚಿಕ್ಕದಾಗಿಡಿ.

ನಾಲ್ಕು ವಾರದ ಅಭ್ಯಾಸ

ವಾರಕ್ಕೆ ಮೂರು ದಿನ ಸಾಕು. ಎರಡು ದಿನ ಹಗ್ಗದ ಜೊತೆ ಎಲ್ಲರೂ ಸೇರಬೇಕು, ಒಂದು ದಿನ ಅವರವರೇ ವ್ಯಾಯಾಮ ಮಾಡಿಕೊಳ್ಳಬಹುದು: ಸ್ಕ್ವಾಟ್, ಗೋಡೆಗೆ ಬೆನ್ನು ಕೊಟ್ಟು ಒಂದು ನಿಮಿಷ ಕೂರುವುದು, ಎರಡೂ ಕೈಲಿ ತುಂಬಿದ ಕೊಡ ಹಿಡಿದು 40 ಹೆಜ್ಜೆ ನಡೆಯುವುದು, ಕಂಬಿಗೆ 30 ಸೆಕೆಂಡ್ ಜೋತುಬೀಳುವುದು.

ಮೊದಲ ವಾರ ಎಳೆಯುವುದೇ ಬೇಡ. ಹಗ್ಗದ ಒಂದು ತುದಿಯನ್ನು ಭದ್ರವಾದ ದೊಡ್ಡ ಮರದ ಬುಡಕ್ಕೆ ಗೋಣಿತಟ್ಟು ಸುತ್ತಿ ಕಟ್ಟಿ, ಎಂಟೂ ಜನ ಸರಿಯಾದ ನಿಲುವಿನಲ್ಲಿ 20 ಸೆಕೆಂಡ್ ಒರಗಿ ನಿಲ್ಲಿ, ಒಂದು ನಿಮಿಷ ವಿರಾಮ, ಹೀಗೆ ಐದು ಸಲ. ಯಾರಾದರೂ ಮೊಬೈಲ್‌ನಲ್ಲಿ ಪಕ್ಕದಿಂದ ವಿಡಿಯೊ ತೆಗೆಯಲಿ. ಸೊಂಟ ಕುಸಿದವರಿಗೆ ಬಾಯಲ್ಲಿ ನೂರು ಸಲ ಹೇಳುವುದಕ್ಕಿಂತ ಒಮ್ಮೆ ತೋರಿಸಿದರೆ ಸಾಕು. ಎರಡನೆಯ ವಾರ ಇದನ್ನೇ 45 ಸೆಕೆಂಡಿಗೆ ಏರಿಸಿ, ಹೆಜ್ಜೆ ಸೇರಿಸಿ. ಮೂರನೆಯ ವಾರ ನಾಲ್ಕು ಜನ ನಾಲ್ಕು ಜನರ ಎದುರು. ನಾಲ್ಕನೆಯ ವಾರ ಬೇರೆ ತಂಡ ಸಿಕ್ಕರೆ ಅವರ ಜೊತೆ ಎರಡು ಅಭ್ಯಾಸ ಪಂದ್ಯ. ಕೂಟಕ್ಕೆ ಮೂರು ದಿನ ಮುಂಚೆ ಹಗ್ಗ ಮುಟ್ಟುವುದು ನಿಲ್ಲಿಸಿ, ಅಂಗೈಯ ಚರ್ಮ ಮಾಗಲಿ. ಎದ್ದ ಗಟ್ಟಿ ಚರ್ಮವನ್ನು ನೆನೆಸಿ ಕಲ್ಲಿನಿಂದ ಉಜ್ಜಿ ಸಮ ಮಾಡಿ. ಉಬ್ಬಿದ ಅಂಚೇ ಹಗ್ಗಕ್ಕೆ ಸಿಕ್ಕು ಹರಿಯುವುದು.

ಎಳೆತ ನಡೆಯುವ ಬಗೆ

ತೀರ್ಪುಗಾರರ ಕೂಗು ನಾಲ್ಕು: ಹಗ್ಗ ಎತ್ತಿ, ಬಿಗಿ ಮಾಡಿ, ಸ್ಥಿರ, ಎಳೆಯಿರಿ. ‘ಬಿಗಿ ಮಾಡಿ’ ಎಂದಾಗಲೇ ಅರ್ಧ ಪಂದ್ಯ ನಿರ್ಧಾರವಾಗುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಹಗ್ಗದ ಸಡಿಲ ತೆಗೆದು, ಹಿಮ್ಮಡಿ ಊರಿ, ತಗ್ಗಿ ಸಿದ್ಧವಾಗಬೇಕು. ‘ಎಳೆಯಿರಿ’ ಎಂದ ಮೇಲೆ ತಗ್ಗಲು ಹೊರಟವರು ತಗ್ಗುವಷ್ಟರಲ್ಲಿ ಅರ್ಧ ಮೀಟರ್ ಕಳೆದುಕೊಂಡಿರುತ್ತಾರೆ.

ಮೊದಲ ಹೊಡೆತಕ್ಕೆ ಎದುರಾಳಿ ಜಗ್ಗದಿದ್ದರೆ ಗಾಬರಿಯಾಗಬೇಡಿ. ತಗ್ಗಿ, ತಡೆದು ನಿಲ್ಲಿ. ತಡೆದು ನಿಂತವರಿಗಿಂತ ಎಳೆಯುತ್ತಿರುವವರು ಬೇಗ ದಣಿಯುತ್ತಾರೆ. ಎದುರಿನವರ ಕಾಲು ಬದಲಾಗುವಾಗ, ಹಗ್ಗ ಕೈಯಲ್ಲಿ ಒಂದು ಕ್ಷಣ ಹಗುರಾದಂತೆ ತಿಳಿಯುತ್ತದೆ. ಹಗ್ಗದ ಪಕ್ಕ ನಿಂತ ಕೋಚ್ ಅದೇ ಕ್ಷಣಕ್ಕೆ ಕೂಗಬೇಕು. ಕೂಗು ಚಿಕ್ಕದಿರಲಿ: ‘ಹಿಡಿ’ ಎಂದರೆ ತಡೆ, ‘ಹೋಗು’ ಎಂದರೆ ಹೆಜ್ಜೆ. ಹೆಜ್ಜೆ 10ರಿಂದ 15 ಸೆಂಟಿಮೀಟರ್, ಎಲ್ಲರದ್ದೂ ಎಡಗಾಲು ಮೊದಲು, ಆಮೇಲೆ ಬಲಗಾಲು. ಒಂದು ಪಾದ ಊರದೆ ಇನ್ನೊಂದನ್ನು ಎತ್ತಬಾರದು. ಆಟಗಾರರು ಯಾರೂ ಕೂಗುವಂತಿಲ್ಲ. ಎಂಟು ಬಾಯಿ ಎಂಟು ತಾಳ ಹಾಕಿದರೆ ಕಾಲುಗಳೂ ಹಾಗೆಯೇ ಚೆದುರುತ್ತವೆ. ಉಸಿರು ಹಿಡಿದಿಡಬೇಡಿ, ಹೆಜ್ಜೆ ತಳ್ಳುವಾಗ ಬಿಡಿ.

ನೀವೇ ಜಾರತೊಡಗಿದರೆ ಮುಂದಕ್ಕೆ ಓಡುಹೆಜ್ಜೆ ಹಾಕಬೇಡಿ. ಇನ್ನೂ ತಗ್ಗಿ, ಪಾದ ಪೂರ್ತಿ ನೆಲಕ್ಕೊತ್ತಿ, ಜಾರುತ್ತಲೇ ತಡೆಯಿರಿ. ಬಿದ್ದರೆ ತಕ್ಷಣ ಏಳಬೇಕು. ಬೇಕೆಂದೇ ಕೂರುವುದು, ಪಾದ ಬಿಟ್ಟು ದೇಹದ ಬೇರೆ ಭಾಗ ನೆಲಕ್ಕೆ ತಾಗಿಸುವುದು, ಹಗ್ಗವನ್ನು ಸರಾಗವಾಗಿ ಸಾಗದಂತೆ ಸಿಕ್ಕಿಸಿಕೊಳ್ಳುವುದು, ಕೈಯಿಂದ ಕೈಗೆ ಹಗ್ಗ ಏರಿಸಿಕೊಳ್ಳುವುದು ಇವೆಲ್ಲ ತಪ್ಪುಗಳು. ಎರಡು ಎಚ್ಚರಿಕೆಯ ನಂತರ ಮತ್ತೆ ತಪ್ಪಿದರೆ ಆ ಎಳೆತ ಕೈತಪ್ಪುತ್ತದೆ.

ಸೋಲು ಖಚಿತವಾದರೂ ಹಗ್ಗವನ್ನು ಥಟ್ಟನೆ ಕೈಬಿಡಬೇಡಿ. ಎದುರಿನ ಎಂಟು ಜನ ಹಿಂದಕ್ಕೆ ಬೀಳುತ್ತಾರೆ, ನಿಮ್ಮದೇ ಆಂಕರ್ ಹಗ್ಗದ ಜೊತೆ ಒಬ್ಬರೇ ಎಳೆದುಹೋಗುತ್ತಾರೆ. ಸೀಟಿ ಊದಿದ ಮೇಲೂ ಎರಡು ಕ್ಷಣ ಹಿಡಿದಿದ್ದು ನಿಧಾನವಾಗಿ ಸಡಿಲಿಸಿ. ಪ್ರೇಕ್ಷಕರು ಹಗ್ಗದ ನೇರಕ್ಕೆ, ಅಂದರೆ ಎರಡೂ ತುದಿಗಳ ಹಿಂದೆ, ನಿಲ್ಲದಂತೆ ನೋಡಿಕೊಳ್ಳುವುದು ಆಯೋಜಕರ ಕೆಲಸ. ಅವರು ಮರೆತಿದ್ದರೆ ನೆನಪಿಸಿ.

ಆ ದಿನ

ಊಟ ಎರಡೂವರೆ ಗಂಟೆ ಮೊದಲೇ ಮುಗಿಯಲಿ. ತೂಕ ಇಳಿಸಲೆಂದು ನೀರು ಬಿಡಬೇಡಿ. ಮಿತಿ ದಾಟುವಂತಿದ್ದರೆ ಹಗುರಾದ ಬದಲಿ ಆಟಗಾರರನ್ನು ಸೇರಿಸಿ. ಬೆವರಿದ ಅಂಗೈಗೆ ಜಿಮ್ ಚಾಕ್ ಅಥವಾ ಅನುಮತಿ ಇದ್ದರೆ ರಾಳದ ಪುಡಿ ಹಚ್ಚಿ. ಮಣ್ಣು ಮೆತ್ತಿಕೊಳ್ಳುವ ಅಭ್ಯಾಸ ಬಿಡಿ, ಮರಳಿನ ಕಣ ಚರ್ಮವನ್ನು ಉಜ್ಜಿ ತೆಗೆಯುತ್ತದೆ. ಎರಡು ಪಂದ್ಯಗಳ ನಡುವೆ ನೆಲಕ್ಕೆ ಒರಗಿ ಮಲಗಬೇಡಿ. ಮೈ ಬೆಚ್ಚಗಿಟ್ಟುಕೊಂಡು ನಡೆದಾಡಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ, ಬೆರಳುಗಳನ್ನು ಬಿಡಿಸಿ ಹಿಂದಕ್ಕೆ ಬಾಗಿಸಿ.

ಕೂಟ ಮುಗಿದ ಮೇಲೆ ಸುಲಿದ ಅಂಗೈಯನ್ನು ಸೋಪು ನೀರಲ್ಲಿ ತೊಳೆದು ಮುಲಾಮು ಹಚ್ಚಿ. ಹಗ್ಗ ಒದ್ದೆಯಾಗಿದ್ದರೆ ನೆರಳಲ್ಲಿ, ಗಾಳಿಯಾಡುವ ಕಡೆ, ನೆಲಕ್ಕೆ ತಾಗದಂತೆ ದೊಡ್ಡ ಸುರುಳಿ ಮಾಡಿ ನೇತುಹಾಕಿ. ಪೂರ್ತಿ ಒಣಗಿದ ಮೇಲಷ್ಟೇ ಚೀಲಕ್ಕೆ ತುಂಬಿ.