ಎದೆಪಟ್ಟಿ ಕಟ್ಟಿ ಆರು ನಿಮಿಷ: ನನ್ನ ಅನುಭವ

ಮೈಸೂರಿನಲ್ಲಿ ಹೈಸ್ಕೂಲ್, ಪಿಯುಸಿ ಮಕ್ಕಳಿಗೆ ಓಟ ಹೇಳಿಕೊಡುತ್ತಾ ಹನ್ನೊಂದು ವರ್ಷ ಆಯ್ತು. ಮೂರು ವರ್ಷದ ಹಿಂದೆ ಅವರ ಫಿಟ್‌ನೆಸ್ ಅಳೆಯಲು ಹಾರ್ಟ್ ರೇಟ್ ಮಾನಿಟರ್ ತಂದಾಗ ಜೊತೆಯ ಕೋಚ್‌ಗಳು, "ಸ್ಟಾಪ್‌ವಾಚ್ ಇದೆ ಅಲ್ವಾ, ಸುಮ್ನೆ ಯಾಕೆ ದುಡ್ಡು ಹಾಳು" ಅಂದರು. ಈಗ ಅವರಲ್ಲೇ ಇಬ್ಬರು ತಿಂಗಳಿಗೊಮ್ಮೆ ನನ್ನ ಎದೆಪಟ್ಟಿ (ಎದೆಗೆ ಕಟ್ಟಿ ಹೃದಯ ಬಡಿತ ಅಳೆಯುವ ಬೆಲ್ಟ್) ಕೇಳಿ ಒಯ್ಯುತ್ತಾರೆ.

ಮೊದಲು ಎಲ್ಲರ ಹಾಗೆ ಸ್ಟೆಪ್ ಟೆಸ್ಟ್ ಮಾಡುತ್ತಿದ್ದೆ. 41.3 ಸೆಂ.ಮೀ. ಎತ್ತರದ ಬೆಂಚು ಎರಡು ಮಾಡಿಸಿದೆ, ಬಡಗಿಗೆ ಸುಮಾರು 1,800 ರೂಪಾಯಿ ಕೊಟ್ಟ ನೆನಪು. ಮೂರು ನಿಮಿಷ ಹತ್ತಿ ಇಳಿದು, ಆಮೇಲೆ 15 ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸುವುದು. ಒಂದು ದಿನ ಒಬ್ಬನೇ ಹುಡುಗನ ಕುತ್ತಿಗೆಯಲ್ಲಿ ಒಬ್ಬ, ಮಣಿಕಟ್ಟಿನಲ್ಲಿ ಇನ್ನೊಬ್ಬ ಎಣಿಸಿದರು. ಒಬ್ಬನಿಗೆ 41, ಇನ್ನೊಬ್ಬನಿಗೆ 37. ಗುಣಿಸಿದರೆ 164, 148. ಹುಡುಗರ ಸೂತ್ರಕ್ಕೆ ಹಾಕಿದರೆ ವಿಒ2 ಮ್ಯಾಕ್ಸ್‌ನಲ್ಲಿ (ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋ ಅಳತೆ) ಆರೂವರೆಗಿಂತ ಜಾಸ್ತಿ ವ್ಯತ್ಯಾಸ! ನಾಲ್ಕು ತಿಂಗಳು ಬೆವರು ಸುರಿಸಿದರೂ ಅಷ್ಟು ಏರುವುದು ಕಷ್ಟ.

ಆಮೇಲೆ ಮಣಿಕಟ್ಟಿನ ವಾಚು ಮೂರು ತಗೊಂಡೆ. ಏಳು ಸಾವಿರ ಹೋಯಿತು. ನಿಧಾನ ಓಡುತ್ತಾ ಆರಾಮಾಗಿ ಮಾತಾಡುತ್ತಿದ್ದ ಹುಡುಗಿಗೆ ವಾಚು 174 ತೋರಿಸುತ್ತಿತ್ತು. ಪಕ್ಕದಲ್ಲೇ ಓಡಿ ಅವಳ ಹೆಜ್ಜೆ ಎಣಿಸಿದೆ. ನಿಮಿಷಕ್ಕೆ ಸುಮಾರು 174 ಹೆಜ್ಜೆ! ವಾಚು ಹೃದಯ ಬಿಟ್ಟು ಕಾಲನ್ನು ಎಣಿಸುತ್ತಿತ್ತು. ಕೂತಿದ್ದಾಗ ಪರವಾಗಿಲ್ಲ, ಓಟದ ಟೆಸ್ಟ್‌ಗೆ ಅದನ್ನು ನಂಬಬೇಡಿ.

ಕೊನೆಗೆ ಎದೆಪಟ್ಟಿ. ಮೊದಲು ಎರಡೂವರೆ ಸಾವಿರದ್ದು, ಆಮೇಲೆ ಪೋಲಾರ್ ಎಚ್10. ಬದಲಿ ಎಲಾಸ್ಟಿಕ್ ಸೇರಿ ಪಟ್ಟಿಗಳಿಗೇ ಹನ್ನೆರಡು ಸಾವಿರ ಆಗಿರಬೇಕು. ಮೊದಲ ತಿಂಗಳು ಅದೂ ಆಟ ಆಡಿಸಿತು. ಒಣ ಪಟ್ಟಿ ಕಟ್ಟಿದರೆ ಆರಂಭದಲ್ಲೇ 60, ಇಲ್ಲವೇ 220. ಈಗ ನಲ್ಲಿ ಕೆಳಗೆ ಹಿಡಿದು ಹಿಂಬದಿಯ ಎರಡೂ ಕಪ್ಪು ಪಟ್ಟೆ ಚೆನ್ನಾಗಿ ಒದ್ದೆ ಮಾಡಿ ಕಟ್ಟಿಸುತ್ತೇನೆ. "ಸರ್, ತಣ್ಣಗೆ ಕೊರೀತಿದೆ" ಅಂತ ಡಿಸೆಂಬರ್‌ನಲ್ಲಿ ಪ್ರತಿಯೊಬ್ಬರೂ ಕಿರುಚುತ್ತಾರೆ. ಚಳಿಗಾಲದ ಒಣ ಹವೆಯಲ್ಲಿ ಸಡಿಲ ಪಾಲಿಯೆಸ್ಟರ್ ಜರ್ಸಿ ಪಟಪಟ ಬಡಿದರೂ ಅಂಕಿ ಹುಚ್ಚಾಪಟ್ಟೆ ಏರುತ್ತದೆ. ಜರ್ಸಿಯ ಮುಂಭಾಗಕ್ಕೂ ಸ್ವಲ್ಪ ನೀರು ಚಿಮುಕಿಸಿ, ಸರಿಹೋಗುತ್ತದೆ. ಹುಡುಗಿಯರಿಗೆ ಸೀನಿಯರ್ ಹುಡುಗಿಯೇ ಒಳಗೆ ಕರೆದುಕೊಂಡು ಹೋಗಿ ಕಟ್ಟುತ್ತಾಳೆ.

ನನ್ನ ಟೆಸ್ಟ್ ಇಷ್ಟೇ. ಟ್ರ್ಯಾಕಿನಲ್ಲಿ 50 ಮೀಟರಿಗೊಂದು ಕೋನ್. ಹುಡುಗರಿಗೆ 15 ಸೆಕೆಂಡಿಗೊಂದು ವಿಷಲ್, ಅಂದರೆ ಗಂಟೆಗೆ 12 ಕಿ.ಮೀ. ಹುಡುಗಿಯರಿಗೆ 18 ಸೆಕೆಂಡಿಗೊಂದು. ಆರು ನಿಮಿಷ ಓಟ. ಕೊನೆಯ 30 ಸೆಕೆಂಡಿನ ಸರಾಸರಿ ಬರೆದುಕೊಳ್ಳುತ್ತೇನೆ. ನಂತರ ಒಂದು ನಿಮಿಷ ನೆಟ್ಟಗೆ ನಿಂತು, ಬಡಿತ ಎಷ್ಟು ಇಳಿಯಿತು ನೋಡುತ್ತೇನೆ. ಅದೇ ವೇಗಕ್ಕೆ ಬಡಿತ ಕಡಿಮೆಯಾದಷ್ಟೂ, ನಿಂತ ಮೇಲೆ ಬೇಗ ಇಳಿದಷ್ಟೂ ಒಳ್ಳೆಯದು. ಕೂರುವಂತಿಲ್ಲ, ಬಗ್ಗುವಂತಿಲ್ಲ. ಹದಿನೈದು ದಿನಕ್ಕೊಮ್ಮೆ, ಸೋಮವಾರ ಬೆಳಿಗ್ಗೆ ಆರೂವರೆಗೆ, ಕಾಫಿ ಕುಡಿಯದೆ. ಮೊದಲ ಸಲದ ಅಂಕಿ ಲೆಕ್ಕಕ್ಕಿಲ್ಲ. ಟೆಸ್ಟ್ ಅಂದ ಭಯಕ್ಕೇ ಬಡಿತ ಏರಿರುತ್ತದೆ.

ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಲೆಕ್ಕವನ್ನೂ ಬಿಟ್ಟಿದ್ದೇನೆ. ಹದಿನಾರರ ಹುಡುಗರಿಗೆ ಅದು 204 ಕೊಡುತ್ತದೆ. ಬೀಪ್ ಟೆಸ್ಟ್‌ನಲ್ಲಿ (ಬೀಪ್ ಸದ್ದಿಗೆ ತಕ್ಕಂತೆ ವೇಗ ಏರಿಸುತ್ತಾ ಅತ್ತಿಂದಿತ್ತ ಓಡುವುದು) ಪೂರ್ತಿ ಸುಸ್ತಾಗುವವರೆಗೆ ಓಡಿಸಿದಾಗ ಒಬ್ಬ 191ಕ್ಕೆ ನಿಂತ, ಇನ್ನೊಬ್ಬ 212 ಮುಟ್ಟಿದ. ಇಬ್ಬರಿಗೂ ಒಂದೇ ಅಳತೆಯ ಅಂಗಿ ಹೊಲಿದರೆ ಹೇಗೆ?

ನಡುವೆ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲೂ ಪ್ರಯತ್ನಿಸಿದೆ. ನಂದಿಯವರೆಗಿನ ಬಡಿತ ಹಿಡಿದು ಹೋಲಿಸೋಣ ಅಂತ. ಮೆಟ್ಟಿಲೆಲ್ಲ ಒಂದೇ ಎತ್ತರ ಇಲ್ಲ, ಜನ ಅಡ್ಡ ಬರುತ್ತಾರೆ, ವೇಗ ಹಿಡಿಯಲು ಆಗುವುದಿಲ್ಲ. ವ್ಯಾಯಾಮಕ್ಕೆ ಬೆಟ್ಟ ಬಹಳ ಚೆನ್ನ, ಟೆಸ್ಟ್‌ಗೆ ಅಲ್ಲ.

ಫಲ ಏನು ಅಂತೀರಾ? 1500 ಮೀಟರ್ ಓಡುವ ಒಬ್ಬನ ಬಡಿತ ಅದೇ ವೇಗಕ್ಕೆ ನಾಲ್ಕು ತಿಂಗಳಲ್ಲಿ 172ರಿಂದ 158ಕ್ಕೆ ಇಳಿಯಿತು. ಟೈಮು 4:40ರ ಆಸುಪಾಸಿನಿಂದ 4:28ಕ್ಕೆ ಬಂತು. ಆದರೆ ಜೊತೆಯ ಕೋಚ್‌ಗಳ ಬಾಯಿ ಮುಚ್ಚಿಸಿದ್ದು ಇನ್ನೊಂದು ಘಟನೆ. ಯಾವಾಗಲೂ 164ರಲ್ಲಿ ಮುಗಿಸುವ ಹುಡುಗಿ ಒಂದು ಸೋಮವಾರ 178 ತೋರಿಸಿದಳು. ನಿಮಿಷಕ್ಕೆ 40 ಇಳಿಯಬೇಕಾದದ್ದು 25 ಕೂಡ ಇಳಿಯಲಿಲ್ಲ. "ಏನೂ ಆಗಿಲ್ಲ ಸರ್, ಓಡ್ತೀನಿ" ಅಂತ ಹಟ. ಪಟ್ಟಿ ಬದಲಿಸಿ ನೋಡಿದೆ, ಅಂಕಿ ಹಾಗೇ ಇತ್ತು. ಅವತ್ತಿನ ಇಂಟರ್ವಲ್ ಓಟ (ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡುವ ಅಭ್ಯಾಸ) ರದ್ದು ಮಾಡಿ ಮನೆಗೆ ಕಳಿಸಿದೆ. ಪಕ್ಕದಲ್ಲಿದ್ದ ಕೋಚ್ ನಕ್ಕರು. ಬುಧವಾರ ಅವಳಿಗೆ ಜ್ವರ ಬಂತು. ಸ್ಟಾಪ್‌ವಾಚ್ ಇದನ್ನು ಹೇಳುತ್ತಿರಲಿಲ್ಲ, ಆವತ್ತೂ ಅವಳು ಒಂದೊಂದು ಕೋನನ್ನೂ ಸರಿಯಾಗಿ ವಿಷಲ್‌ಗೇ ಮುಟ್ಟಿದ್ದಳು.

ಏಪ್ರಿಲ್ ಸೆಕೆಯಲ್ಲಿ ಎಲ್ಲರಿಗೂ ಆರೆಂಟು ಬೀಟ್ ಜಾಸ್ತಿ ಬರುತ್ತದೆ. ಅದನ್ನು ಹೇಗೆ ಕಳೆಯುತ್ತೇನೆ ಎನ್ನುವುದು ಸದ್ಯ ನನ್ನ ನೋಟ್‌ಬುಕ್ಕಿನಲ್ಲೇ ಇರಲಿ. ಇನ್ನೊಂದು ಬೇಸಿಗೆ ನೋಡಬೇಕು. ಪಟ್ಟಿಯನ್ನು ಮಾತ್ರ ಪ್ರತಿ ಸಲ ತೊಳೆದು, ಸೆನ್ಸರ್ ಸಿಕ್ಕಿಸುವ ಗುಂಡಿ ಬಿಚ್ಚಿ ನೆರಳಲ್ಲಿ ಒಣಗಿಸಿ. ಸಿಕ್ಕಿಸಿಯೇ ಇಟ್ಟು ನಾನು ಎರಡು ಬ್ಯಾಟರಿ ಕಳೆದುಕೊಂಡಿದ್ದೇನೆ.